ಗಿಟಾರ್ ಝರ್ ಎಂದರೆ ಮೊದಲು ಯಾರನ್ನು ಹಿಡಿಯಬೇಕು? ಶಾಲಾ ರಾಕ್ ಬ್ಯಾಂಡಿಗೊಂದು ದೋಷ ನಿವಾರಣೆ ಕೈಪಿಡಿ

ಲಕ್ಷಣ

ಶನಿವಾರ ಶಾಲೆ ಬಿಟ್ಟ ಮೇಲೆ ಬ್ಯಾಂಡಿನ ಪ್ರಾಕ್ಟೀಸ್. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿ ನಡೆಯುತ್ತದೆ. ಆಮೇಲೆ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಯಿಂದ, ಅಂದರೆ ಆಂಪ್‌ನಿಂದ, ‘ಝರ್‌ರ್’ ಎಂಬ ಒರಟು ಸದ್ದು ಶುರುವಾಗುತ್ತದೆ. ನುಡಿಸುತ್ತಿರುವಾಗ ಅಷ್ಟು ಗೊತ್ತಾಗುವುದಿಲ್ಲ. ಹಾಡಿನ ನಡುವೆ ಎಲ್ಲರೂ ತಡೆದು ನಿಲ್ಲುವ ಜಾಗ ಬಂದಾಗ ಆ ಮೌನದ ತುಂಬ ಅದೇ ಸದ್ದು. ಕೆಲವು ಶನಿವಾರ ಬರುತ್ತದೆ, ಕೆಲವು ಶನಿವಾರ ಬರುವುದೇ ಇಲ್ಲ. ಗಿಟಾರಿಸ್ಟ್ ಒಂದು ಕಡೆ ತಿರುಗಿ ನಿಂತರೆ ಜೋರು, ಇನ್ನೊಂದು ಕಡೆ ತಿರುಗಿದರೆ ಕಡಿಮೆ.

ಮುಂಬಯಿಯಲ್ಲಿ ಹಾರ್ಬರ್ ಲೈನ್ ಎಂಬ ಲೋಕಲ್ ರೈಲುಮಾರ್ಗದ ಹಳಿಗೆ ಹತ್ತಿರವಿರುವ ಒಂದು ಶಾಲೆಯ ಬ್ಯಾಂಡಿನಲ್ಲಿ ಕಂಡ ದೋಷ ಇದು. ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್, ಹಾಡುವ ಹುಡುಗಿ, ಹೀಗೆ ಐದು ಮಕ್ಕಳು. ಮನೆಯಲ್ಲಿ ತುಳು, ಕನ್ನಡ. ಕಟ್ಟಡದ ಮೆಟ್ಟಿಲು ಇಳಿದರೆ ಮರಾಠಿ, ಹಿಂದಿ. ನವೆಂಬರ್ 1ರ ರಾಜ್ಯೋತ್ಸವಕ್ಕೆ ತತ್ವಪದವೊಂದನ್ನು ರಾಕ್ ಶೈಲಿಯಲ್ಲಿ ಕೂಡಿಸುತ್ತಿದ್ದರು. ಸದ್ದಿನ ಬಗ್ಗೆ ಅವರು ನನ್ನ ಬಳಿ ಬರುವಷ್ಟರಲ್ಲಿ ಕಳ್ಳನನ್ನೂ ತಾವೇ ಹಿಡಿದಿಟ್ಟಿದ್ದರು. ಹಿಂದಿನ ವರ್ಷ ಬ್ಯಾಂಡಿನಲ್ಲಿದ್ದು, ಈ ವರ್ಷ ಜಾಗ ಸಿಗದ ಒಬ್ಬ ಹುಡುಗ ಆಗಾಗ ಬಂದು ಹಿಂದಿನ ಬೆಂಚಿನಲ್ಲಿ ಕೂತು ಪ್ರಾಕ್ಟೀಸ್ ಕೇಳುತ್ತಿದ್ದ. ಅವನು ಬಂದ ದಿನವೇ ಸದ್ದು ಬರುತ್ತದೆ, ಅವನು ಬಾರದ ದಿನ ಬರುವುದಿಲ್ಲ. ‘ಹೊಟ್ಟೆಕಿಚ್ಚಿಗೆ ಏನೋ ಮಾಡ್ತಿದ್ದಾನೆ ಸರ್, ಫೋನಿನಲ್ಲಿ ಏನೋ ಆ್ಯಪ್ ಇರಬೇಕು’ ಎಂದು ಡ್ರಮ್ಸ್ ಹುಡುಗ ಹೇಳಿದ. ಉಳಿದ ನಾಲ್ವರೂ ತಲೆಯಾಡಿಸಿದರು.

ಶಾಲಾ ಬ್ಯಾಂಡಿನಲ್ಲಿ ಹಾಳಾದ ತಂತಿಗಿಂತ ಬೇಗ ಹರಡುವುದು ಅನುಮಾನ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ‘ನೀನೇ ಮಾಡಿದ್ದು’ ಎಂದು ಐದು ಜನ ಒಟ್ಟಾಗಿ ಹೇಳಿದರೆ ಅದನ್ನು ಹೊರುವ ಶಕ್ತಿ ಯಾವ ಮಗುವಿಗೂ ಇರುವುದಿಲ್ಲ. ಅದಕ್ಕಾಗಿಯೇ ದೋಷ ಹುಡುಕುವ ಕ್ರಮವನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಕ್ರಮ ಸರಿಯಿದ್ದರೆ ಸದ್ದೂ ನಿಲ್ಲುತ್ತದೆ, ಯಾರ ಮೇಲೂ ವೃಥಾ ಆರೋಪ ಬೀಳುವುದೂ ತಪ್ಪುತ್ತದೆ.

ಮುಟ್ಟುವ ಮೊದಲು

ಹಾಡುವವರ ತುಟಿಗೆ ಮೈಕಿನ ಜಾಲರಿ ತಾಗಿದಾಗ ಚುರುಕ್ ಎಂದಿತೇ? ಗಿಟಾರಿನ ತಂತಿ ಹಿಡಿದು ಮೈಕ್ ಮುಟ್ಟಿದಾಗ ಯಾರಿಗಾದರೂ ಜುಮ್ ಎಂದಿತ್ತೇ? ಹೌದು ಎಂದಾದರೆ ಪ್ರಾಕ್ಟೀಸ್ ಅಲ್ಲಿಗೆ ಬಂದ್. ಈ ಕೈಪಿಡಿಯನ್ನೂ ಅಲ್ಲಿಗೇ ಮುಚ್ಚಿ, ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಗಿಟಾರಿನ ತಂತಿ ಆಂಪ್‌ನ ಅರ್ಥಿಂಗಿಗೆ ಸೇರಿರುತ್ತದೆ, ಮೈಕಿನ ಲೋಹದ ಕವಚ ಎಲ್ಲರ ಸದ್ದು ಕೂಡಿಸುವ ಮಿಕ್ಸರ್ ಪೆಟ್ಟಿಗೆಯ ಅರ್ಥಿಂಗಿಗೆ ಸೇರಿರುತ್ತದೆ. ಎರಡರಲ್ಲಿ ಒಂದರ ಅರ್ಥಿಂಗ್ ತಪ್ಪಿ ಅದರ ಮೈಗೆ ಕರೆಂಟ್ ಬಂದರೆ, ಒಂದು ಕೈಯಲ್ಲಿ ತಂತಿ, ಇನ್ನೊಂದು ಕೈಯಲ್ಲಿ ಮೈಕ್ ಹಿಡಿದವರ ಎದೆಯ ಮೂಲಕವೇ ಅದು ಹರಿಯುತ್ತದೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ಲಿ ಹಾರ್ವೆ ವೇದಿಕೆಯ ಮೇಲೆ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ತೀರಿಕೊಂಡರು. ಇದನ್ನು ಮಕ್ಕಳಿಗೆ ಹೇಳಿ, ಹೆದರಿಸಲಿಕ್ಕಲ್ಲ, ಗೊತ್ತಿರಲಿ ಎಂದು.

ಇದರ ಜೊತೆಗೇ ಇನ್ನೊಂದು ಮಾತು. ‘ಅರ್ಥ್ ಪಿನ್ ತೆಗೆದರೆ ಗುಂಯ್ ನಿಲ್ಲುತ್ತದೆ’ ಎಂದು ಸೌಂಡ್ ಬಾಡಿಗೆಯವರು ಸಲಹೆ ಕೊಡುವುದುಂಟು. ಕೆಲವು ಸಲ ನಿಂತೂ ಬಿಡುತ್ತದೆ. ಆದರೂ ಮಾಡಬೇಡಿ. ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದಕ್ಕೆ ಕಾರಣವಿದೆ: ಚುಚ್ಚುವಾಗ ಅದು ಎಲ್ಲಕ್ಕಿಂತ ಮೊದಲು ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಶಾಲೆಯ ಬ್ಯಾಂಡ್ ಕೋಣೆಗೆ ಕರೆಂಟ್ ಸೋರಿದರೆ ಥಟ್ಟನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ ಎಂದು ಮುಖ್ಯೋಪಾಧ್ಯಾಯರನ್ನು ಪೀಡಿಸಿ. ಗಿಟಾರಿಗಿಂತ ಮೊದಲು ಅದಕ್ಕೆ ಹಣ ಹೊಂದಿಸಬೇಕು. ಆಂಪ್‌ನ ಡಬ್ಬ ಬಿಚ್ಚುವ ಕೆಲಸವಂತೂ ಮಕ್ಕಳದ್ದಲ್ಲ. ಹಳೆಯ ರೇಡಿಯೋದಂತೆ ಗಾಜಿನ ವಾಲ್ವ್ ಇರುವ ಆಂಪ್ ಆದರೆ ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಹಿಡಿದಿಡುವ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ದಾಖಲೆ ಪುಸ್ತಕ

ಬಂದು ಹೋಗುವ ದೋಷವನ್ನು ನೆನಪಿನಿಂದ ಹಿಡಿಯಲಾಗುವುದಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ಬೇಕು. ಈ ಮಕ್ಕಳು ಪುಸ್ತಕ ಇಟ್ಟಿದ್ದರು, ಶಿಸ್ತಿನಿಂದಲೂ ಬರೆದಿದ್ದರು. ಆದರೆ ಅದರಲ್ಲಿ ಇದ್ದದ್ದು ಎರಡೇ ಕಾಲಂ: ಸದ್ದು ಬಂತೋ ಇಲ್ಲವೋ, ಕೋಣೆಯಲ್ಲಿ ಯಾರು ಯಾರಿದ್ದರು. ಜನರನ್ನು ಮಾತ್ರ ಬರೆದಿಟ್ಟರೆ ಉತ್ತರವಾಗಿ ಒಬ್ಬ ಮನುಷ್ಯನೇ ಸಿಗುತ್ತಾನೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕುವುದು ಹೀಗೆಯೇ.

ನಾನು ಮೊದಲು ಮಾಡಿಸಿದ ಕೆಲಸ ಕಾಲಂ ಹೆಚ್ಚಿಸಿದ್ದು. ಗಂಟೆ ಎಷ್ಟು, ಯಾವ ಯಾವ ಸ್ವಿಚ್ ಆನ್ ಇತ್ತು, ಟ್ಯೂಬ್‌ಲೈಟ್ ಯಾವುದು, ಫ್ಯಾನ್ ಯಾವುದು ಮತ್ತು ಎಷ್ಟರ ಸ್ಪೀಡಿನಲ್ಲಿ, ಆಂಪ್ ಯಾವ ಸಾಕೆಟ್ಟಿನಲ್ಲಿ, ಗಿಟಾರಿಸ್ಟ್ ಎಲ್ಲಿ ನಿಂತು ಯಾವ ದಿಕ್ಕಿಗೆ ತಿರುಗಿದ್ದ, ಕಿಟಕಿ ಹೊರಗೆ ಲೋಕಲ್ ಹೋಯಿತೇ, ಮಳೆಯೇ ಬಿಸಿಲೇ, ಯಾರದ್ದಾದರೂ ಫೋನ್ ಆಂಪ್ ಮೇಲಿತ್ತೇ. ಕೀಬೋರ್ಡ್ ನುಡಿಸುವ ಹುಡುಗಿಯ ಕೈಬರಹ ಚೆನ್ನಾಗಿತ್ತು, ಅವಳೇ ಬರೆದಳು. ‘ಯಾರು ಬಂದಿದ್ದರು’ ಎಂಬ ಕಾಲಂ ತೆಗೆಸಲಿಲ್ಲ. ಅದೂ ಒಂದು ಮಾಹಿತಿಯೇ. ಅದರ ಪಕ್ಕದಲ್ಲಿ ‘ಬಂದವರು ಏನು ಮುಟ್ಟಿದರು’ ಎಂದು ಇನ್ನೊಂದು ಸೇರಿಸಿದೆ. ಕೊನೆಗೆ ಗಂಟು ಬಿಚ್ಚಿದ್ದು ಆ ಕಾಲಂನಲ್ಲಿ.

ಸದ್ದಿನ ಕುಲಗೋತ್ರ

ಎಲ್ಲ ಸದ್ದೂ ಒಂದೇ ಅಲ್ಲ. ಕಿವಿಗೊಟ್ಟು ವಿಂಗಡಿಸಿ. ದುಂಡಗೆ, ಆಳದಲ್ಲಿ ‘ಹೂಂ’ ಎನ್ನುವುದು ಒಂದು ಜಾತಿ. ಒರಟಾಗಿ, ಹಲ್ಲು ಹಲ್ಲಾಗಿ ‘ಝರ್’ ಎನ್ನುವುದು ಇನ್ನೊಂದು. ಕೇಬಲ್ ಅಲುಗಿಸಿದಾಗ ‘ಪಟ್ ಪಟ್’ ಎನ್ನುವುದು ಮೂರನೆಯದು. ಅದರ ಅಪರಾಧಿ ಕೇಬಲ್ಲೇ, ದೂರ ಹೋಗಬೇಕಿಲ್ಲ. ಫೋನಿಗೆ ಕರೆ ಬರುವ ಮುಂಚೆ ಬರುವ ‘ಟಿಟಿಟ್ ಟಿಟಿಟ್’ ಹಳೆಯ 2ಜಿ ಫೋನುಗಳ ಸಹಿ. ಜಿಎಸ್‌ಎಂ ಫೋನ್ ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಅಲೆ ಕಳಿಸುತ್ತದೆ, ಆಂಪ್ ಆ ಮಿಡಿತವನ್ನು ಹಿಡಿದು ಕೇಳಿಸುತ್ತದೆ. ನಮ್ಮ ಕೋಣೆಯ ಸದ್ದು ಹಾಗಿರಲಿಲ್ಲ, ಬಿಡದೆ ಒಂದೇ ಸಮ ಇತ್ತು. ಆದರೂ ಆ ಹುಡುಗನೂ ಸೇರಿ ಎಲ್ಲರ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿಸಿ ಕೇಳಿದೆವು. ಸದ್ದು ಹೋಗಲಿಲ್ಲ. ಫೋನಿನ ಆ್ಯಪ್ ಎಂಬ ಆರೋಪ ಅಲ್ಲಿಗೆ ಬಿತ್ತು.

‘ಹೂಂ’ಗೂ ‘ಝರ್’ಗೂ ಇರುವ ವ್ಯತ್ಯಾಸ ಅಳೆಯಲು ಬ್ಯಾಂಡಿನಲ್ಲೇ ಒಂದು ಉಪಕರಣ ಇದೆ. ಅದು ಬೇಸ್ ಗಿಟಾರ್. ನಮ್ಮ ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಅಲೆ. ಸರಿಯಾಗಿ ಟ್ಯೂನ್ ಮಾಡಿದ ನಾಲ್ಕು ತಂತಿಯ ಬೇಸಿನಲ್ಲಿ ಎಲ್ಲಕ್ಕಿಂತ ದಪ್ಪ ತಂತಿಯ ಮೂರನೇ ಮನೆ (ಫ್ರೆಟ್) ಒತ್ತಿದರೆ 49 ಹರ್ಟ್ಸ್ ಬರುತ್ತದೆ. ಎಲ್ಲಕ್ಕಿಂತ ಸಣ್ಣ ತಂತಿಯನ್ನು ಒತ್ತದೆ ಮೀಟಿದರೆ 98 ಹರ್ಟ್ಸ್. ಎರಡು ಹತ್ತಿರದ ಸ್ವರ ಒಟ್ಟಿಗೆ ಕೇಳಿದಾಗ ಅವುಗಳ ವ್ಯತ್ಯಾಸದಷ್ಟು ಸಲ ಸದ್ದು ಏರಿ ಇಳಿಯುತ್ತದೆ. ದಪ್ಪ ತಂತಿಯ ಸ್ವರದ ಜೊತೆ ಸೆಕೆಂಡಿಗೆ ಸುಮಾರು ಒಂದು ಸಲ ಏರಿಳಿದರೆ ನಿಮ್ಮ ಸದ್ದು 50ರದ್ದು. ಸಣ್ಣ ತಂತಿಯ ಜೊತೆ ಸೆಕೆಂಡಿಗೆ ಸುಮಾರು ಎರಡು ಸಲ ಏರಿಳಿದರೆ 100ರದ್ದು. ಬೇಸ್ ಹುಡುಗಿ ತಂತಿ ಮೀಟಿ, ಕಣ್ಣು ಮುಚ್ಚಿ, ಬೆರಳಲ್ಲಿ ಎಣಿಸಿದಳು. ಎರಡು.

ಇದರಿಂದ ಏನು ತಿಳಿಯಿತು? 50ರ ‘ಹೂಂ’ ಬಹುಮಟ್ಟಿಗೆ ಅರ್ಥಿಂಗಿನ ಸುತ್ತು (ಏನೆಂದು ಮುಂದೆ ಹೇಳುತ್ತೇನೆ) ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದ್ದು. 100ರ ‘ಝರ್’ ಬರುವುದು ಎಸಿಯ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ನಮ್ಮ ಮನೆಯ ಕರೆಂಟಿನ, ಪ್ರತಿ ಅರ್ಧ ಅಲೆಗೊಮ್ಮೆ ಏನೋ ಒಂದು ಕ್ರಿಯೆ ನಡೆದಾಗ: ಆಂಪ್‌ನ ಒಳಗಿನ ಫಿಲ್ಟರ್ ಕೆಪಾಸಿಟರ್ ಸೋತಾಗ, ಹಳೆಯ ಚೋಕಿನ ಟ್ಯೂಬ್‌ಲೈಟ್ ಉರಿಯುವಾಗ, ಅಥವಾ ಯಾವುದೋ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅಲೆಯನ್ನು ಕತ್ತರಿಸುವಾಗ. ಇದು ದಿಕ್ಕು ತೋರಿಸುವ ಸುಳಿವು ಮಾತ್ರ. 50ರ ಗುಂಯ್‌ನಲ್ಲೂ 100, 150ರ ಪದರಗಳು ಸೇರಿರುತ್ತವೆ, ಸಣ್ಣ ಸ್ಪೀಕರಿನಲ್ಲಿ 50 ಕೇಳುವುದೇ ಕಷ್ಟ. ಹಾಗಾಗಿ ಇಷ್ಟಕ್ಕೇ ತೀರ್ಪು ಕೊಡಬೇಡಿ.

ಅರ್ಧಕ್ಕೆ ಕತ್ತರಿಸಿ ನೋಡಿ

ಸದ್ದು ಸಾಗುವ ದಾರಿ ಇದು: ತಂತಿಗಳ ಕೆಳಗಿನ ಪಿಕಪ್, ಗಿಟಾರಿನ ವಾಲ್ಯೂಮ್ ಗುಂಡಿ, ಜ್ಯಾಕ್, ಕೇಬಲ್, ಸದ್ದಿನ ಬಣ್ಣ ಬದಲಿಸುವ ಪೆಡಲ್, ಆಂಪ್, ಸ್ಪೀಕರ್. ಒಂದು ತುದಿಯಿಂದ ಶುರು ಮಾಡಿ ಒಂದೊಂದನ್ನೇ ಬದಲಿಸುತ್ತಾ ಹೋದರೆ ಸಂಜೆ ಮುಗಿಯುತ್ತದೆ, ತಾಳ್ಮೆಯೂ ಮುಗಿಯುತ್ತದೆ. ದಾರಿಯ ನಡುವೆ ಕತ್ತರಿಸಿ.

ಸದ್ದು ಬರುತ್ತಿರುವಾಗಲೇ ಆಂಪ್‌ನಿಂದ ಗಿಟಾರಿನ ಕೇಬಲ್ ಕಿತ್ತುಬಿಡಿ. ಹೆಚ್ಚಿನ ಆಂಪ್‌ಗಳ ಇನ್‌ಪುಟ್ ಜ್ಯಾಕ್ ಖಾಲಿ ಇರುವಾಗ ತನ್ನಷ್ಟಕ್ಕೇ ಶಾರ್ಟ್ ಆಗುವಂತೆ ಕಟ್ಟಿರುತ್ತಾರೆ, ಆದ್ದರಿಂದ ಖಾಲಿ ಆಂಪ್ ಹೆಚ್ಚುಕಡಿಮೆ ಮೌನವಾಗಿರಬೇಕು. ಖಾಲಿಯಿದ್ದರೂ ಝರ್ ಎಂದರೆ ದೋಷ ಆಂಪ್‌ನದ್ದು ಅಥವಾ ಕರೆಂಟಿನ ಲೈನಿನದ್ದು, ಗಿಟಾರನ್ನು ಬಿಡಿ. ಮೌನವಾದರೆ ಆಂಪ್ ನಿರಪರಾಧಿ, ಹಿಂದಕ್ಕೆ ನಡೆಯಿರಿ.

ಮುಂದಿನದು ಎಲ್ಲಕ್ಕಿಂತ ಉಪಯುಕ್ತವಾದ ಪರೀಕ್ಷೆ. ಅದಕ್ಕೆ ಕಾಸೂ ಬೇಡ, ಸ್ಕ್ರೂ ಡ್ರೈವರೂ ಬೇಡ. ಎಲ್ಲ ಜೋಡಿಸಿ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತನ್ನಿ. ಸೊನ್ನೆಯಲ್ಲಿ ಆ ಗುಂಡಿ ಸಿಗ್ನಲನ್ನು ನೇರ ಅರ್ಥಿಗೆ ಇಳಿಸುತ್ತದೆ. ಸದ್ದು ಸತ್ತರೆ ಅದು ಗುಂಡಿಗಿಂತ ಹಿಂದಿನದು, ಅಂದರೆ ಪಿಕಪ್ ಮೂಲಕ ಬಂದದ್ದು. ಸಾಯದಿದ್ದರೆ ಕೇಬಲ್, ಪೆಡಲ್ ಕಡೆ ಹುಡುಕಿ. ನಮ್ಮ ಗಿಟಾರಿನಲ್ಲಿ ಸೊನ್ನೆಗೆ ತಂದ ಕೂಡಲೇ ಸದ್ದು ಪೂರ್ತಿ ನಿಂತಿತು.

ಇಲ್ಲಿ ಒಂದು ಸುಳ್ಳು ಸುಳಿವಿನ ಬಗ್ಗೆ ಎಚ್ಚರ. ಕೇಬಲ್ಲಿನ ಒಂದು ತುದಿ ಆಂಪ್‌ನಲ್ಲಿದ್ದು ಇನ್ನೊಂದು ತುದಿ ಗಾಳಿಯಲ್ಲಿದ್ದರೆ, ಅದರ ಮೊನೆಯನ್ನು ಬೆರಳಿನಿಂದ ಮುಟ್ಟಿದರೆ, ದೊಡ್ಡ ಗುಂಯ್ ಬಂದೇ ಬರುತ್ತದೆ. ಕೇಬಲ್ ಸರಿಯಿದೆ ಎಂಬುದಕ್ಕೆ ಅದೊಂದು ಗುರುತು. ಡ್ರಮ್ಸ್ ಹುಡುಗ ಅದನ್ನೇ ‘ಸಿಕ್ಕಿತು’ ಎಂದು ಕೂಗಿದ್ದ.

ಪಿಕಪ್ ಎಂದರೆ ಕಾಂತದ ಸುತ್ತ ಸುತ್ತಿದ ಸಾವಿರಾರು ಸುತ್ತಿನ ತೆಳ್ಳಗಿನ ತಾಮ್ರದ ತಂತಿ. ಉಕ್ಕಿನ ತಂತಿಯ ಅಲುಗಾಟವನ್ನು ಅದು ಕರೆಂಟಾಗಿ ಬದಲಿಸುತ್ತದೆ. ಆದರೆ ಕೋಣೆಯಲ್ಲಿ ಬದಲಾಗುತ್ತಿರುವ ಯಾವ ಕಾಂತಕ್ಷೇತ್ರವನ್ನೂ ಅದು ಬಿಡುವುದಿಲ್ಲ, ಸಂಗೀತ ಯಾವುದು ಗಲಾಟೆ ಯಾವುದು ಎಂದು ಅದಕ್ಕೆ ತಿಳಿಯದು. ಒಂದೇ ಸುರುಳಿಯ ಪಿಕಪ್‌ಗಳ ಹುಟ್ಟುಗುಣ ಇದು. ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿ, ಗಲಾಟೆ ಗಲಾಟೆಯನ್ನೇ ಕಳೆಯುವಂತೆ ಮಾಡುವ ಹಂಬಕರ್ ಪಿಕಪ್ಪಿಗೆ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು ಈ ಕಾಟ ತಾಳಲಾಗದೆಯೇ. ನಮ್ಮ ಹುಡುಗನ ಗಿಟಾರ್ ಮೂರು ಒಂಟಿ ಸುರುಳಿಗಳದ್ದು. ಅಂಥ ಗಿಟಾರ್ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿ. ಸದ್ದು ತೀರಾ ಕಡಿಮೆಯಾಗುವ ದಿಕ್ಕುಗಳು ಸಿಗುತ್ತವೆ, ಜೋರಾಗುವ ದಿಕ್ಕುಗಳೂ ಸಿಗುತ್ತವೆ. ತಿರುಗಿದರೆ ಬದಲಾಗುತ್ತದೆ ಎಂದರೆ ಶತ್ರು ಕೋಣೆಯೊಳಗೋ ಹತ್ತಿರದಲ್ಲೋ ಕಾಂತಕ್ಷೇತ್ರ ಹರಡುತ್ತಿರುವ ಒಂದು ವಸ್ತು. ಗಿಟಾರನ್ನು ಕೈಯಲ್ಲಿ ಹಿಡಿದು ಗೋಡೆಯುದ್ದಕ್ಕೂ ನಡೆಯಿರಿ, ಸದ್ದು ಎಲ್ಲಿ ಏರುತ್ತದೆ ನೋಡಿ. ಇಷ್ಟು ಹೊತ್ತು ದೋಷಿಯಾಗಿದ್ದ ಗಿಟಾರ್ ಈಗ ನಿಮ್ಮ ಪತ್ತೇದಾರ.

ಲೋಕಲ್ ರೈಲಿನ ಮೇಲಿನ ಅನುಮಾನ

ಕೀಬೋರ್ಡ್ ಹುಡುಗಿ ರೈಲಿನ ಕಡೆ ಬೆರಳು ತೋರಿಸಿದಳು. ಅವಳ ತರ್ಕ ಗಟ್ಟಿಯಾಗಿತ್ತು. ಮುಂಬಯಿಯ ಲೋಕಲ್ ಹಳಿಗಳು ಹಿಂದೆ 1500 ವೋಲ್ಟ್ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ, ಓಡುತ್ತಿದ್ದವು. 2016ರಲ್ಲಿ ಹಾರ್ಬರ್ ಲೈನ್ ಬದಲಾಗುವುದರೊಂದಿಗೆ ಉಪನಗರ ಜಾಲ 25,000 ವೋಲ್ಟ್ ಎಸಿಗೆ ಬಂತು. ಎಸಿ ಎಂದರೆ 50 ಹರ್ಟ್ಸ್, ಬದಲಾಗುವ ಕಾಂತಕ್ಷೇತ್ರ. ಹಳಿ ಪಕ್ಕದ ಕೋಣೆಯಲ್ಲಿ ಒಂಟಿ ಸುರುಳಿಯ ಪಿಕಪ್ ಅದನ್ನು ಹಿಡಿಯುವುದು ಅಸಾಧ್ಯವೇನಲ್ಲ.

ಆದರೆ ರೈಲಿನ ಸದ್ದಾದರೆ ರೈಲಿನ ಜೊತೆ ಏರಿ ಇಳಿಯಬೇಕು. ಮೋಟರುಗಳು ಎಳೆಯುವಾಗ ಹೆಚ್ಚು, ಗಾಡಿ ದೂರ ಹೋದಾಗ ಕಡಿಮೆ. ದಾಖಲೆ ಪುಸ್ತಕದಲ್ಲಿ ರೈಲಿನ ಕಾಲಂ ಇತ್ತಲ್ಲ, ಅದರಲ್ಲಿ ಗಾಡಿ ಹೋದಾಗಲೂ ಹೋಗದಾಗಲೂ ಸದ್ದು ಒಂದೇ ಸಮ. ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಇದ್ದ ಭಾನುವಾರ ಕೋಣೆ ತೆರೆಸಿ ಗಾಡಿಯಿಲ್ಲದ ಹೊತ್ತಿನಲ್ಲಿ ಪರೀಕ್ಷಿಸಬಹುದು ಎಂದು ಅವಳೇ ಸೂಚಿಸಿದಳು. ಅಷ್ಟು ದೂರ ಹೋಗಬೇಕಾಗಲಿಲ್ಲ. ಆದರೆ ತನ್ನ ಊಹೆಯನ್ನು ತಾನೇ ಬೀಳಿಸಲು ಪರೀಕ್ಷೆ ಯೋಚಿಸುವ ಹುಡುಗಿ ಬ್ಯಾಂಡಿನಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಸಿಕ್ಕಿದ್ದು

ಗಿಟಾರ್ ಹಿಡಿದು ಗೋಡೆಯುದ್ದಕ್ಕೂ ನಡೆದಾಗ ಸದ್ದು ಏರಿದ್ದು ಹಿಂದಿನ ಗೋಡೆಯ ಸ್ವಿಚ್‌ಬೋರ್ಡಿನ ಹತ್ತಿರ. ಆಂಪ್ ಚುಚ್ಚಿದ್ದೂ ಅದೇ ಬೋರ್ಡಿಗೆ, ಗಿಟಾರಿಸ್ಟ್ ನಿಲ್ಲುತ್ತಿದ್ದದ್ದೂ ಅದರ ಪಕ್ಕದಲ್ಲೇ. ಹೊಸ ಕಾಲಂ ತೆರೆದು ನೋಡಿದೆವು. ಆ ಹುಡುಗ ಬಂದ ದಿನಗಳಲ್ಲಿ ‘ಏನು ಮುಟ್ಟಿದರು’ ಎಂಬಲ್ಲಿ ಪ್ರತಿ ಸಲವೂ ಒಂದೇ ಮಾತು: ಹಿಂದಿನ ಫ್ಯಾನ್, ಎರಡರ ಸ್ಪೀಡ್.

ಪ್ರಾಕ್ಟೀಸಿನ ವೇಳೆ ಬ್ಯಾಂಡಿನವರು ಹಿಂದಿನ ಫ್ಯಾನ್ ಹಾಕುವುದಿಲ್ಲ, ಅಲ್ಲಿ ಯಾರೂ ಕೂರುವುದಿಲ್ಲವಲ್ಲ. ಹುಡುಗ ಬಂದು ಹಿಂದಿನ ಬೆಂಚಿನಲ್ಲಿ ಕೂತಾಗ ಸೆಕೆಗೆ ಫ್ಯಾನ್ ಹಾಕುತ್ತಿದ್ದ. ಜೋರಾಗಿ ಹಾಕಿದರೆ ಹಾಡು ಬರೆದ ಕಾಗದಗಳು ಹಾರುತ್ತವೆ, ಮೈಕಿಗೆ ಗಾಳಿ ಬಡಿಯುತ್ತದೆ ಎಂದು ಎರಡಕ್ಕೇ ಇಡುತ್ತಿದ್ದ. ಬ್ಯಾಂಡಿಗೆ ತೊಂದರೆಯಾಗದಿರಲಿ ಎಂಬ ಅವನ ಜಾಗ್ರತೆಯೇ ಸದ್ದನ್ನು ತರುತ್ತಿತ್ತು. ಇದನ್ನು ಕೇಳಿ ಐವರೂ ಮಾತಾಡಲಿಲ್ಲ.

ಯಂತ್ರದ ವಿಷಯ ಹೀಗೆ. ಗುಂಡಿ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳ ಒಳಗೆ ಟ್ರಯಾಕ್ ಎಂಬ ಬಿಡಿಭಾಗ ಇರುತ್ತದೆ. ಅದು ಎಸಿಯ ಪ್ರತಿ ಅರ್ಧ ಅಲೆಯ ಮೊದಲ ತುಂಡನ್ನು ತಡೆದು, ಉಳಿದದ್ದನ್ನು ಥಟ್ಟನೆ ಬಿಡುತ್ತದೆ. 50 ಹರ್ಟ್ಸ್ ಎಂದರೆ ಸೆಕೆಂಡಿಗೆ 100 ಅರ್ಧ ಅಲೆ, 100 ಸಲ ಥಟ್. ಆ ಥಟ್ಟನೆಯ ಏರಿಕೆಯಿಂದ ಎತ್ತರದ ಆವರ್ತನಗಳ ಗಲಾಟೆ ಹುಟ್ಟಿ ಗೋಡೆಯೊಳಗಿನ ವೈರಿನುದ್ದಕ್ಕೂ ಹರಡುತ್ತದೆ. ಬೇಸ್ ಹುಡುಗಿ ಎಣಿಸಿದ ಎರಡಕ್ಕೂ, ಒರಟುತನಕ್ಕೂ ಲೆಕ್ಕ ಸರಿಹೋಯಿತು. ಫ್ಯಾನ್ ಪೂರ್ತಿ ಸ್ಪೀಡಿನಲ್ಲಿದ್ದಾಗ ಕತ್ತರಿಸುವುದು ಹೆಚ್ಚುಕಡಿಮೆ ಇರುವುದೇ ಇಲ್ಲ, ಸದ್ದೂ ಇಳಿಯುತ್ತದೆ. ನಡುವಿನ ಸ್ಪೀಡಿನಲ್ಲಿ ಕಾಟ ಹೆಚ್ಚು. ಕೋಣೆಯ ಮುಂದಿನ ಎರಡು ಫ್ಯಾನುಗಳು ಸದಾ ಐದರಲ್ಲಿ ಓಡುತ್ತಿದ್ದವು, ಅದಕ್ಕೇ ಅವು ಸಿಕ್ಕಿಬಿದ್ದಿರಲಿಲ್ಲ.

ಖಚಿತಪಡಿಸುವುದು ಹೇಗೆ ಎಂಬುದನ್ನು ಬಿಡಬೇಡಿ, ಹೆಚ್ಚಿನವರು ಎಡವುವುದು ಇಲ್ಲಿಯೇ. ಫ್ಯಾನ್ ಆಫ್ ಮಾಡಿದಾಗ ಸದ್ದು ನಿಂತರೆ ಸಾಲದು. ಮತ್ತೆ ಎರಡಕ್ಕೆ ಹಾಕಿ, ಬರಬೇಕು. ಐದಕ್ಕೆ ಹಾಕಿ, ಇಳಿಯಬೇಕು. ಗಿಟಾರಿಸ್ಟ್ ಬೆನ್ನು ತಿರುಗಿಸಿ ನಿಂತು, ಯಾರೋ ಸದ್ದಿಲ್ಲದೆ ಗುಂಡಿ ತಿರುಗಿಸುತ್ತಿರುವಾಗ ‘ಈಗ ಬಂತು, ಈಗ ಹೋಯಿತು’ ಎಂದು ಹೇಳಲಿ. ಕೊನೆಗೆ ಆ ಹುಡುಗ ಕೋಣೆಯಲ್ಲಿ ಇಲ್ಲದಿರುವಾಗ ಬೇರೆಯವರು ಹಾಕಲಿ. ದೋಷವನ್ನು ಬೇಕೆಂದಾಗ ತರಿಸಲು, ಬೇಕೆಂದಾಗ ಕಳಿಸಲು ಆಗುವವರೆಗೆ ಅದು ಸಿಕ್ಕಿತು ಎನ್ನಬೇಡಿ.

ಪರಿಹಾರ ಸಣ್ಣದು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಕೆಪಾಸಿಟರ್ ಮಾದರಿಯ ರೆಗ್ಯುಲೇಟರ್ ಯಾವ ಎಲೆಕ್ಟ್ರಿಕ್ ಅಂಗಡಿಯಲ್ಲೂ ಸಿಗುತ್ತದೆ. ಅದು ಅಲೆಯನ್ನು ಕತ್ತರಿಸುವುದಿಲ್ಲ. ಶಾಲೆಯ ಎಲೆಕ್ಟ್ರಿಷಿಯನ್ ಹಾಕಿಕೊಟ್ಟ. ಆಂಪ್ ಮತ್ತು ಗಿಟಾರಿಸ್ಟನನ್ನು ಎದುರಿನ ಗೋಡೆಗೆ ಸರಿಸಿದೆವು, ಕಾಂತಕ್ಷೇತ್ರದ ಕಾಟಕ್ಕೆ ದೂರವೇ ಅಗ್ಗದ ಮದ್ದು. ಉಳಿದದ್ದು ಹುಡುಗನ ವಿಷಯ. ಐವರೂ ಅವನಿಗೆ ಹೇಳಬೇಕಾದದ್ದನ್ನು ತರಗತಿಯ ಎದುರಿಗೇ ಹೇಳಬೇಕು ಎಂದು ನಾನು ಪಟ್ಟು ಹಿಡಿದೆ. ಆರೋಪ ಹತ್ತು ಜನರ ಕಿವಿಗೆ ಬಿದ್ದಿತ್ತು. ಕ್ಷಮೆ ಮೂಲೆಯಲ್ಲಿ ನಡೆದರೆ ಆ ಹತ್ತು ಜನಕ್ಕೆ ಗೊತ್ತಾಗುವುದಿಲ್ಲ. ಹೇಳಿದರು. ರೆಗ್ಯುಲೇಟರ್ ಬದಲಿಸಿದಷ್ಟೇ ಇದೂ ದುರಸ್ತಿಯ ಭಾಗ.

ನಿಮ್ಮ ಸದ್ದು ಇದಲ್ಲದಿದ್ದರೆ

ಹಿನ್ನೆಲೆ ಸಂಗೀತಕ್ಕೆ ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ‘ಹೂಂ’ ಬಂತೇ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ನಿಂತರೆ ಅದು ಅರ್ಥಿಂಗಿನ ಸುತ್ತು. ಎರಡು ಉಪಕರಣ ಎರಡು ಸಾಕೆಟ್ಟಿನಿಂದ ಅರ್ಥ್ ಪಡೆದು, ಅವುಗಳ ನಡುವೆ ಆಡಿಯೋ ಕೇಬಲ್ಲಿನ ಕವಚವೂ ಸೇರಿದಾಗ ಒಂದು ದೊಡ್ಡ ಬಳೆ ಏರ್ಪಡುತ್ತದೆ, ಅದರಲ್ಲಿ 50 ಹರ್ಟ್ಸ್ ಕರೆಂಟು ಸುತ್ತುತ್ತದೆ. ಎಲ್ಲವನ್ನೂ ಒಂದೇ ಸಾಕೆಟ್ಟಿನ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕೊಡಿ. ಅದಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಎಂಬ ಸಣ್ಣ ಜೋಡಣೆ ಪೆಟ್ಟಿಗೆ ಹಾಕಿ. ಅದರಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಆಡಿಯೋ ಕೇಬಲ್ಲಿನ ಅರ್ಥ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಉಳಿಯುತ್ತದೆ. ಪಿನ್ ಕಿತ್ತುಹಾಕುವ ಅಪಾಯಕ್ಕೂ ಇದಕ್ಕೂ ಇರುವ ಅಂತರ ಅಷ್ಟೇ, ಆದರೆ ಅದು ಪ್ರಾಣದ ಅಂತರ.

ತಂತಿ ಮುಟ್ಟಿದರೆ ಗುಂಯ್ ಕಡಿಮೆಯಾಗುತ್ತದೆ, ಬಿಟ್ಟರೆ ಹೆಚ್ಚುತ್ತದೆ ಎಂದು ಗಾಬರಿಯಾಗಬೇಡಿ. ಬಹುತೇಕ ಎಲೆಕ್ಟ್ರಿಕ್ ಗಿಟಾರುಗಳು ಹಾಗೆಯೇ. ಮುಟ್ಟಿದಾಗ ಹೆಚ್ಚಾದರೆ ಮಾತ್ರ ಗಿಟಾರಿನ ತಂತಿಗಳು ಕೂರುವ ಲೋಹದ ಸೇತುವೆಗೆ (ಬ್ರಿಡ್ಜ್) ಹೋಗುವ ಅರ್ಥ್ ತಂತಿ ಬಿಟ್ಟಿದೆಯೇ, ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯೇ ಎಂದು ತಿಳಿದವರಿಂದ ನೋಡಿಸಿ.

ಜೂನ್ ಬಂತೆಂದರೆ ಮುಂಬಯಿಯಲ್ಲಿ ಬೇರೆಯೇ ಪಟ್ಟಿ. ಜುಲೈ, ಆಗಸ್ಟಿನಲ್ಲಿ ಗಾಳಿಯ ತೇವ ಶೇಕಡಾ 80 ದಾಟಿ ನಿಲ್ಲುತ್ತದೆ, ಜೊತೆಗೆ ಕಡಲಿನ ಉಪ್ಪು. ಜ್ಯಾಕ್‌ಗಳು ಮಂಕಾಗುತ್ತವೆ, ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಸಿಂಪಡಿಸಿ, ಗುಂಡಿಯನ್ನು ಆ ಕೊನೆಯಿಂದ ಈ ಕೊನೆಗೆ ಹಲವು ಸಲ ತಿರುಗಿಸಿ. ಜ್ಯಾಕನ್ನು ಒಳಹೊರಗೆ ಆಡಿಸಿದರೂ ಪೊರೆ ಎಷ್ಟೋ ಹೋಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಹಾಕಿಡಿ. ಕ್ಲೀನರ್, 6.35 ಮಿಲಿಮೀಟರ್ ಜ್ಯಾಕ್, ಸಾಲ್ಡರ್, ಅಗ್ಗದ ಮಲ್ಟಿಮೀಟರ್ ಎಲ್ಲವೂ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತವೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಹಾಳಾದ ಕೇಬಲ್ ಎಸೆಯುವ ಬದಲು ಜ್ಯಾಕ್ ಕತ್ತರಿಸಿ ಹೊಸದು ಬೆಸೆಯಲು ದೊಡ್ಡವರ ಜೊತೆ ಕೂತು ಕಲಿಯಲಿ. ಕೇಬಲ್ ಮುರಿಯುವುದು ಹೆಚ್ಚಾಗಿ ಜ್ಯಾಕಿನ ಬುಡದಲ್ಲೇ.

ಪೆಡಲ್ ಅಥವಾ ಒಳಗೆ ಬ್ಯಾಟರಿ ಇರುವ ಆ್ಯಕ್ಟಿವ್ ಬೇಸಿನ ಸದ್ದು ಒಡೆದು ತೆಳುವಾದರೆ 9 ವೋಲ್ಟಿನ ಬ್ಯಾಟರಿ ನೋಡಿ. ಜ್ಯಾಕ್ ಚುಚ್ಚಿಟ್ಟರೆ ಅದು ಆನ್ ಆಗಿಯೇ ಇರುತ್ತದೆ. ಪ್ರಾಕ್ಟೀಸ್ ಮುಗಿದ ಮೇಲೆ ಜ್ಯಾಕ್ ಕೀಳುವುದು ಅಭ್ಯಾಸವಾಗಲಿ.

ಮೈಕ್ ಕೀರಲು ಕೂಗಿದರೆ ಹಾಡುವವಳ ಕೈ ಎಲ್ಲಿದೆ ನೋಡಿ. ವಿಡಿಯೋದಲ್ಲಿ ನೋಡಿ ಮಕ್ಕಳು ಮೈಕಿನ ಜಾಲರಿಯನ್ನೇ ಅಂಗೈಯಿಂದ ಮುಚ್ಚಿ ಹಿಡಿಯುತ್ತಾರೆ. ಹಿಂದಿನಿಂದ ಬರುವ ಸದ್ದನ್ನು ತಿರಸ್ಕರಿಸುವ ಗುಣ ಆಗ ಮೈಕಿಗೆ ಹೋಗಿಬಿಡುತ್ತದೆ, ಸ್ಪೀಕರಿನ ಸದ್ದು ಮತ್ತೆ ಒಳಬಂದು ಕೂಗಾಗುತ್ತದೆ. ಹಿಡಿಯ ಮೇಲೆ ಹಿಡಿಯಲಿ, ಹಾಡುವವರಿಗೆ ಕೇಳಲೆಂದು ಇಡುವ ಮಾನಿಟರ್ ಸ್ಪೀಕರ್ ಮೈಕಿನ ಬೆನ್ನ ಕಡೆ ಇರಲಿ.

ಇನ್ನೊಂದು ಸದ್ದನ್ನು ಮಕ್ಕಳು ಭೂತ ಎಂದೇ ಕರೆಯುತ್ತಾರೆ. ಯಾರೂ ಮುಟ್ಟದ ಸ್ನೇರ್ ಡ್ರಮ್ ತಾನಾಗಿ ‘ಸರ್‌ರ್’ ಎನ್ನುತ್ತದೆ. ಬೇಸ್ ನುಡಿಸುವ ಸ್ವರ ಸ್ನೇರಿನ ಚರ್ಮದ ಸ್ವಂತ ಸ್ವರಕ್ಕೆ ಹತ್ತಿರವಾದಾಗ ಚರ್ಮ ಅದರೊಂದಿಗೆ ಕಂಪಿಸುತ್ತದೆ, ಕೆಳಗಿನ ಉಕ್ಕಿನ ಸುರುಳಿಗಳು ಗಲಗಲ ಎನ್ನುತ್ತವೆ. ಬೇಸ್ ಒಂದೊಂದೇ ಸ್ವರ ನುಡಿಸುತ್ತಾ ಹೋಗಲಿ, ಯಾವ ಸ್ವರಕ್ಕೆ ಭೂತ ಏಳುತ್ತದೆ ಎಂದು ಗುರುತಿಸಿ. ಸ್ನೇರಿನ ಚರ್ಮವನ್ನು ಸ್ವಲ್ಪ ಬಿಗಿಮಾಡಿ ಅಥವಾ ಸಡಿಲಿಸಿ ಆ ಸ್ವರದಿಂದ ದೂರ ಸರಿಸಿ. ಡ್ರಮ್ಸ್ ಇಲ್ಲದ ಭಾಗದಲ್ಲಿ ಪಕ್ಕದ ಸನ್ನೆ ಇಳಿಸಿ ಸುರುಳಿ ಬಿಡಿಸಿ. ಸುರುಳಿ ಬಿಡಿಸಿದ ಮೇಲೂ ಸದ್ದು ಉಳಿದರೆ ತರಗತಿಯ ಉಕ್ಕಿನ ಕಪಾಟಿನ ಬಾಗಿಲ ಮೇಲೆ ಅಂಗೈ ಇಟ್ಟು ನೋಡಿ, ಅದೇ ಕಂಪಿಸುತ್ತಿರಬಹುದು.

ಕಾರ್ಯಕ್ರಮದ ದಿನ

ಕೋಣೆಯಲ್ಲಿ ನಿಂತ ಸದ್ದು ಸಭಾಗೃಹದಲ್ಲಿ ಮತ್ತೆ ಬರಬಹುದು, ಅಲ್ಲಿನ ವೈರಿಂಗ್ ಬೇರೆ. ಸೌಂಡ್ ಚೆಕ್ಕಿಗೆ ಸಮಯ ಕೇಳಿ ಪಡೆಯಿರಿ. ಭಾಷಣ, ಸನ್ಮಾನಗಳ ನಡುವೆ ಕೊಡುತ್ತೇವೆ ಎಂದರೆ ಒಪ್ಪಬೇಡಿ, ಜನ ಬರುವ ಮೊದಲೇ ಬೇಕು. ವೇದಿಕೆಯ ದೀಪಗಳ ಬೆಳಕು ಏರಿಳಿಸುವ ಹಳೆಯ ಡಿಮ್ಮರುಗಳಲ್ಲೂ ಅದೇ ಟ್ರಯಾಕ್ ಜಾತಿಯ ಬಿಡಿಭಾಗ ಇರುತ್ತದೆ, ಫ್ಯಾನಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಾಗಾಗಿ ದೀಪ ಪೂರ್ತಿ ಆಫ್ ಇರುವಾಗ ಅಥವಾ ಪೂರ್ತಿ ಆನ್ ಇರುವಾಗ ಪರೀಕ್ಷಿಸಿ ಸಮಾಧಾನಪಡಬೇಡಿ. ಲೈಟಿನವರಿಗೆ ಹೇಳಿ ಅರ್ಧ ಬೆಳಕಿಗೆ ಇಳಿಸಿ, ಗಿಟಾರಿನ ವಾಲ್ಯೂಮ್ ಪೂರ್ತಿ ಏರಿಸಿ, ನುಡಿಸದೆ ಕೇಳಿ. ಝರ್ ಎಂದರೆ ಆಂಪ್‌ಗೆ ಡಿಮ್ಮರಿನ ಲೈನಿನದ್ದಲ್ಲದ ಸಾಕೆಟ್ ಯಾವುದು ಎಂದು ವಿಚಾರಿಸಿ ಅಲ್ಲಿಂದ ಎಳೆಯಿರಿ. ದೀಪದ ಕೇಬಲ್ಲೂ ಗಿಟಾರಿನ ಕೇಬಲ್ಲೂ ಅಕ್ಕಪಕ್ಕ ಮಲಗದಿರಲಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಲಿ. ಆಮೇಲೆ ಗಿಟಾರಿಸ್ಟನನ್ನು ಅವನ ಜಾಗದಲ್ಲಿ ನಿಲ್ಲಿಸಿ ಒಂದು ಸುತ್ತು ತಿರುಗಿಸಿ, ಸದ್ದು ತೀರಾ ಕಡಿಮೆ ಕೇಳುವ ದಿಕ್ಕಿಗೆ ನೆಲದ ಮೇಲೆ ಬಿಳಿ ಟೇಪಿನಲ್ಲಿ ಒಂದು ಗೆರೆ ಅಂಟಿಸಿ.